ಜಾರಿದ ನಕಾರ

ಕೇಳುಗರಿಗೆ ನಮಸ್ಕಾರ.

ಮೊದಲು ಒಂದು ಸಣ್ಣ ಆಟ. ನಾನು ಹೇಳುವುದನ್ನು ಸುಮ್ನೆ ಕೇಳಿಸಿಕೊಳ್ಳಿ. 'ಅ ನೇಪ್ರನ್.' ಈಗ ಇನ್ನೊಂದು. 'ಅನ್ ಏಪ್ರನ್.' ಸ್ವಲ್ಪ ಬೇಗ ಹೇಳಿದರೆ ಎರಡೂ 'ಅನೇಪ್ರನ್' ಆಗಿಬಿಡುತ್ತವೆ, ಅಲ್ವಾ?

ಇಂಗ್ಲಿಷಿನಲ್ಲಿ 'ಒಂದು' ಎನ್ನಲು ಪದದ ಹಿಂದೆ 'ಅ' ಸೇರಿಸುತ್ತಾರೆ, ಪದ ಸ್ವರದಿಂದ ಶುರುವಾದರೆ 'ಅನ್'. ಇಂಗ್ಲಿಷ್ ಜನರ ಕಿವಿಗೂ ಹಾಗೇ ಆಯಿತು. ಅಡುಗೆ ಮಾಡುವಾಗ ಉಟ್ಟ ಬಟ್ಟೆ ಕೊಳೆಯಾಗದಿರಲಿ ಎಂದು ಕಟ್ಟಿಕೊಳ್ಳುವ ಏಪ್ರನ್ ಮೊದಲಿಗೆ ನೇಪ್ರನ್ ಆಗಿತ್ತು. ಮೇಜಿನ ಮೇಲೆ ಹಾಸುವ ಬಟ್ಟೆಗೆ ಹಳೆಯ ಫ್ರೆಂಚಿನಲ್ಲಿದ್ದ ಹೆಸರಿನಿಂದ ಹುಟ್ಟಿದ ಪದ ಇದು. ಕೈ ಒರೆಸುವ ನ್ಯಾಪ್ಕಿನ್ ಕೂಡ ಅದೇ ಮನೆತನದ್ದು. ನ್ಯಾಪ್ಕಿನ್ ತನ್ನ ನಕಾರವನ್ನು ಗಟ್ಟಿಯಾಗಿ ಹಿಡಿದುಕೊಂಡಿತು. ಏಪ್ರನ್‌ನ ನಕಾರ ಮಾತ್ರ ಜಾರಿ ಹಿಂದಿನ 'ಅ'ಗೆ ಅಂಟಿಕೊಂಡಿತು. ನಮ್ಮ ಮಾತಿನಲ್ಲಿ ಹೇಳುವುದಾದರೆ, ಸಂಧಿಯನ್ನು ತಪ್ಪಾಗಿ ಬಿಡಿಸಿದರು. ತಿದ್ದಲು ಯಾವ ಮೇಷ್ಟ್ರೂ ಬರಲಿಲ್ಲ. ಆ ಕಾಲದಲ್ಲಿ ಓದುವವರಿಗಿಂತ ಕೇಳುವವರೇ ಜಾಸ್ತಿ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಅಂಪೈರ್ ಕಥೆ. ಅದೂ ಮೊದಲು ನಕಾರದಿಂದಲೇ ಶುರುವಾಗುತ್ತಿತ್ತು, 'ನೂಂಪೆರ್' ಅಂತ. ಮೂಲ ಹಳೆಯ ಫ್ರೆಂಚು. ಅರ್ಥ, 'ಜೋಡಿಯಲ್ಲದವನು'. ಇಬ್ಬರು ಜಗಳಕ್ಕೆ ನಿಂತಾಗ ಯಾರ ಕಡೆಗೂ ಸೇರದೆ ತೀರ್ಪು ಹೇಳುವ ಮೂರನೆಯವನು. ಮೈದಾನದಲ್ಲಿ ಒಂಟಿಯಾಗಿ ನಿಂತು ಎರಡೂ ತಂಡದವರಿಂದ ಬೈಸಿಕೊಳ್ಳುವವನಿಗೆ ಎಷ್ಟು ಸರಿಯಾದ ಹೆಸರು ನೋಡಿ! ಜನರ ಬಾಯಲ್ಲಿ ಅವನ ನಕಾರವೂ ಹೋಯಿತು.

ಕಳೆದುಕೊಂಡವರ ಮಾತಾಯಿತು, ಗಿಟ್ಟಿಸಿಕೊಂಡವರೂ ಇದ್ದಾರೆ. ಅಡ್ಡಹೆಸರಿಗೆ ಇಂಗ್ಲಿಷಿನಲ್ಲಿ ನಿಕ್‌ನೇಮ್ ಎನ್ನುತ್ತೇವೆ. ಯಾರು ಈ 'ನಿಕ್'? ಯಾರೂ ಅಲ್ಲ. ಹಳೆಯ ಪದ 'ಎಕ್‌ನೇಮ್'. 'ಎಕ್' ಅಂದರೆ ಹೆಚ್ಚಿನದು, ಇನ್ನೊಂದು. ಇದ್ದ ಹೆಸರಿನ ಜೊತೆಗೆ ಇನ್ನೊಂದು ಹೆಸರು, ಅಷ್ಟೇ. 'ಅನ್ ಎಕ್‌ನೇಮ್' ಎಂದದ್ದು 'ಅ ನೆಕ್‌ನೇಮ್' ಎಂದು ಕೇಳಿಸಿತು. ಕೆರೆಯಲ್ಲಿ ಈಜುವ ನ್ಯೂಟ್ ಎಂಬ ಬಾಲದ ಪ್ರಾಣಿಗೂ ನಕಾರ ಹೀಗೇ ಪುಕ್ಕಟೆ ಸಿಕ್ಕಿದ್ದು. ಆದರೆ ಆ್ಯಡರ್ ಎಂಬ ಹಾವಿನ ನಕಾರ ಏಪ್ರನ್‌ನದರಂತೆ ಬಿದ್ದುಹೋಗಿದೆ. ಹಾವಿಗೆ ಜರ್ಮನ್ನರು ಹೇಳುವ 'ನಾಟರ್' ಎಂಬ ಪದದಲ್ಲಿ ಅದು ಇನ್ನೂ ಇದೆ.

ಹಾಗಂತ ಎಲ್ಲ ತಪ್ಪನ್ನೂ ಇಂಗ್ಲಿಷರ ತಲೆಗೆ ಕಟ್ಟುವಂತಿಲ್ಲ. ಆರೆಂಜ್ ಹಣ್ಣನ್ನೇ ತೆಗೆದುಕೊಳ್ಳಿ. ಸಂಸ್ಕೃತದಲ್ಲಿ ಅದು 'ನಾರಂಗ'. ಪರ್ಷಿಯನ್ನರ ಬಾಯಿ ದಾಟಿ ಅರಬ್ಬಿಗೆ ಬಂದು 'ನಾರಂಜ್' ಆಯಿತು. ಅಲ್ಲಿಂದ ಯುರೋಪಿಗೆ ಹೋಯಿತು. ಇಂಗ್ಲಿಷಿಗೆ ಬರುವ ಮೊದಲೇ, ದಾರಿಯಲ್ಲೇ ನಕಾರ ಉದುರಿತ್ತು. ಸ್ಪೇನಿನವರು ಮಾತ್ರ ಇವತ್ತಿಗೂ 'ನರಾಂಹ' ಎನ್ನುತ್ತಾರೆ.

ನಮಸ್ಕಾರ.