ಸಿ ಕಾರ್ಡ್ ಬಿಡದೆ ವರವೀಣಾ

ಎಲ್ಲರಿಗೂ ನಮಸ್ಕಾರ. ಇಂಥ ಮಳೆಯಲ್ಲೂ ಇಷ್ಟು ಜನ ಬಂದಿದ್ದೀರಿ, ಖುಷಿಯಾಯಿತು. ಏಳೆಂಟು ಮಂದಿ ಗಿಟಾರ್ ಕೂಡ ಹೊತ್ತು ತಂದಿದ್ದೀರಿ. ಹಿಂದಿನ ಸಾಲಿನಲ್ಲಿ ಒಬ್ಬರು ಗಿಟಾರಿಗೆ ಅಕ್ಕಿ ಚೀಲದ ಪ್ಲಾಸ್ಟಿಕ್ ಸುತ್ತಿ ತಂದಿದ್ದಾರೆ. ಅವರು ಪೂರ್ತಿ ಒದ್ದೆ, ಗಿಟಾರಿಗೆ ಒಂದು ಹನಿ ನೀರಿಲ್ಲ. ಅವರಿಗೆ ಕಲಿಸುವುದಕ್ಕೆ ನನ್ನ ಹತ್ತಿರ ಜಾಸ್ತಿ ಏನೂ ಇಲ್ಲ ಮಾರಾಯ್ರೆ.

ನಾನು ಗಿಟಾರ್ ಕಲಿಯಲು ಹೋದದ್ದು ಎಂಟನೇ ಕ್ಲಾಸಿನ ಬೇಸಿಗೆ ರಜೆಯಲ್ಲಿ. ಇಲ್ಲೇ ಮಂಗಳೂರಿನ ಹಂಪನಕಟ್ಟೆ ಹತ್ತಿರ ಒಂದು ಕ್ಲಾಸ್. ಹೆಸರು ಬೇಡ. ಮೊದಲ ದಿನವೇ ಕೈಗೆ ಒಂದು ಜೆರಾಕ್ಸ್ ಹಾಳೆ ಕೊಟ್ಟರು. ಅದರ ತುಂಬ ಸಣ್ಣ ಸಣ್ಣ ಚೌಕ. ಒಂದೊಂದು ಚೌಕದಲ್ಲಿ ಆರು ಗೆರೆ, ಮೂರೋ ನಾಲ್ಕೋ ಚುಕ್ಕಿ. ಮನೆಯಲ್ಲಿ ಅಮ್ಮ ನೋಡಿ, "ಇದೆಂತದ್ದು, ರಂಗೋಲಿ ಕ್ಲಾಸಾ?" ಅಂದರು. ಅವು ಕಾರ್ಡುಗಳ ಶೇಪ್. ಕಾರ್ಡ್ ಅಂದರೆ ಕೆಲವು ಸ್ವರ ಒಟ್ಟಿಗೆ ನುಡಿಯುವುದು, ಚುಕ್ಕಿ ಅಂದರೆ ಅದಕ್ಕೆ ಬೆರಳಿಡುವ ಜಾಗ. ವಾರಕ್ಕೆ ಎರಡು ಚೌಕ ಕಲಿತು ಬರಬೇಕು. ಹಾಡು ಯಾವಾಗ ಸಾರ್ ಅಂತ ಕೇಳಿದರೆ, ಮೊದಲು ಹಾಳೆ ಮುಗಿಯಲಿ ಅನ್ನುತ್ತಿದ್ದರು. ಮೂರನೇ ವಾರಕ್ಕೆ ಎಫ್ ಅನ್ನುವ ಕಷ್ಟದ ಕಾರ್ಡ್ ಬಂತು. ಬೆರಳ ತುದಿ ಕೆಂಪಾಗಿತ್ತು, ನುಡಿಸಲು ಒಂದು ಹಾಡೂ ಇರಲಿಲ್ಲ. ಜೂನಿನಲ್ಲಿ ಶಾಲೆ ಶುರುವಾದ ನೆಪ ಸಿಕ್ಕಿತು. ಗಿಟಾರ್ ಕಪಾಟಿನ ಮೇಲೆ ಹೋಯಿತು. ಮಳೆಗಾಲ ಕಳೆದು ಇಳಿಸಿದರೆ ಹಿಂಬದಿಗೆ ಬೂಷ್ಟು, ತಂತಿಗೆಲ್ಲ ತುಕ್ಕು.

ಅದನ್ನು ಒರೆಸಿಕೊಂಡು ಜಗಲಿಯಲ್ಲಿ ಕೂತಿದ್ದಾಗ ಪಕ್ಕದ ಮನೆಯ ಅಣ್ಣ ನೋಡಿದರು. ನಮ್ಮ ಮನೆ ಕುಲಶೇಖರದಲ್ಲಿ. ಅವರು ಚರ್ಚಿನಲ್ಲಿ ಹಾಡುವವರ ಜೊತೆ ಗಿಟಾರ್ ನುಡಿಸುತ್ತಿದ್ದರು. "ಕ್ರಿಸ್‌ಮಸ್ಸಿಗೆ ಮನೆ ಮನೆಗೆ ಕ್ಯಾರಲ್ ಹೋಗಲಿಕ್ಕುಂಟು, ಬರ್ತೀಯಾ?" ಅಂದರು. ನನಗೆ ಏನೂ ಬರುವುದಿಲ್ಲ ಅಂದೆ. "ಜಿ, ಸಿ, ಡಿ ಬರ್ತದಲ್ಲ? ಸಾಕು." ನಡುವೆ ಬೇರೆ ಕಾರ್ಡ್ ಬಂದರೆ? "ಆಗ ಚಪ್ಪಾಳೆ ಹೊಡಿ."

ಹಾಗೇ ಮಾಡಿದೆ. ಒಂದು ರಾತ್ರಿಗೆ ಹತ್ತು ಹನ್ನೆರಡು ಮನೆ. ಪ್ರತಿ ಮನೆಯಲ್ಲೂ ಅದೇ ಮೂರು ಹಾಡು, ಆಮೇಲೆ ಕೇಕು, ಕುಸ್ವಾರ್ ಅನ್ನುವ ಕ್ರಿಸ್‌ಮಸ್ ತಿಂಡಿ. ಮೊದಲ ರಾತ್ರಿ ಜಿ ಯಿಂದ ಸಿ ಗೆ ಹೋಗುವಷ್ಟರಲ್ಲಿ ಹಾಡು ಮುಂದಿನ ಸಾಲಿಗೆ ಹೋಗಿರುತ್ತಿತ್ತು. ಮೂರನೇ ರಾತ್ರಿ ನಾನು ಎಡಗೈ ನೋಡುತ್ತಿಲ್ಲ ಅಂತ ನನಗೇ ಗೊತ್ತಾಯಿತು. ಕುಸ್ವಾರ್ ತಟ್ಟೆ ಕಡೆ ನೋಡುತ್ತಿದ್ದೆ.

ಆ ಹಾಳೆಯಲ್ಲಿ ಇಲ್ಲದ್ದು ಏನು ಅಂತ ಆಗ ತಿಳಿಯಿತು. ಚೌಕದಲ್ಲಿ ಚುಕ್ಕಿ ಉಂಟು. ಒಂದು ಚೌಕದಿಂದ ಇನ್ನೊಂದಕ್ಕೆ ಹೋಗುವ ದಾರಿ ಇಲ್ಲ. ಎಷ್ಟು ಹೊತ್ತಿನೊಳಗೆ ಹೋಗಬೇಕು ಅನ್ನುವುದಂತೂ ಇಲ್ಲವೇ ಇಲ್ಲ. ಅದನ್ನು ಹೇಳುವುದು ಹಾಡು. ಹತ್ತು ಜನ ಬಾಯಿಬಿಟ್ಟು ಹಾಡುತ್ತಿರುವಾಗ ನಿಮ್ಮ ಉಂಗುರ ಬೆರಳಿಗೋಸ್ಕರ ಯಾರೂ ಕಾಯುವುದಿಲ್ಲ.

ಈ ಊರಿನಲ್ಲಿ ಹಾಡಿಗೆ ಬರಗಾಲ ಇಲ್ಲ. ಇಲ್ಲೇ ಶಕ್ತಿನಗರದ ಕಲಾಂಗಣದಲ್ಲಿ 2008ರ ಜನವರಿಯಲ್ಲಿ ಮಾಂಡ್ ಸೊಭಾಣ್ ಅನ್ನುವ ಕೊಂಕಣಿ ಸಂಘಟನೆಯವರು 40 ಗಂಟೆ ಬಿಡದೆ ಕೊಂಕಣಿ ಹಾಡು ಹಾಡಿಸಿ ಗಿನ್ನೆಸ್ ದಾಖಲೆ ಮಾಡಿದರು. ಕೊಂಕಣಿ ಗಾಯಕ ವಿಲ್ಫಿ ರೆಬಿಂಬಸ್ ಅವರ ಹಾಡು ಗೊತ್ತಿಲ್ಲದ ಕೊಂಕಣಿ ಮನೆ ಇಲ್ಲಿ ಸಿಗುವುದು ಕಷ್ಟ. ಹಾಗಿರುವಾಗ ಗಿಟಾರ್ ಕ್ಲಾಸಿಗೆ ಹೋದ ಮಗು ಮೂರು ತಿಂಗಳು ಒಂದು ಹಾಡೂ ಇಲ್ಲದೆ ಮನೆಗೆ ಬರುತ್ತದೆ ಅಂದರೆ ತಪ್ಪು ಮಗುವಿನದ್ದಲ್ಲ ಅಲ್ವಾ?

ಮೊದಲ ಹಾಡು ಯಾವುದು ಅಂತ ತುಂಬ ಜನ ಕೇಳುತ್ತಾರೆ. ನಾನು ಹುಟ್ಟುಹಬ್ಬದ ಹಾಡು ಅನ್ನುತ್ತೇನೆ. ನಗಬೇಡಿ. ಮನೆಯಲ್ಲಿ ಗಿಟಾರ್ ಉಂಟು ಅಂತ ಗೊತ್ತಾದರೆ ಕೇಕ್ ಕತ್ತರಿಸುವಾಗ ಹೇಗೂ ನಿಮ್ಮನ್ನು ಕರೆಯುತ್ತಾರೆ. ಬರುವುದಿಲ್ಲ ಅಂದರೆ ಮರ್ಯಾದೆ ಹೋಗುತ್ತದೆ. ಮೂರೇ ಕಾರ್ಡ್. ಜಿ ಯಲ್ಲಿ ಶುರು. ಮೊದಲ 'ಯೂ' ಗೆ ಡಿ. ಎರಡನೇ 'ಯೂ' ಗೆ ವಾಪಸ್ ಜಿ. ಮೂರನೇ ಸಾಲಿನಲ್ಲಿ ಮಗುವಿನ ಹೆಸರು ಬರುತ್ತದಲ್ಲ, ಅಲ್ಲಿ ಸಿ. ಕೊನೆಯ ಸಾಲಿನಲ್ಲಿ ಜಿ, ಡಿ, ಜಿ ಬೇಗ ಬೇಗ. ಹೊಸಬರು ಎಡವುವುದು ಕಾರ್ಡಿನಲ್ಲಿ ಅಲ್ಲ, ಎಣಿಕೆಯಲ್ಲಿ. ಇದು ಮೂರರ ನಡೆ. ಬಲಗೈಗೆ ನಾಲ್ಕರ ಸ್ಟ್ರಮ್ಮಿಂಗ್ ಮಾತ್ರ ಅಭ್ಯಾಸವಾಗಿದ್ದರೆ ಹೆಸರು ಬರುವಷ್ಟರಲ್ಲಿ ಕೈ ಒಂದು ಕಡೆ, ಹಾಡು ಒಂದು ಕಡೆ. ಇನ್ನೊಂದು ಸಂಗತಿ. ಈ ಹಾಡು ಸ ದಿಂದ ಏಳುವುದಿಲ್ಲ, ಕೆಳಗಿನ ಪ ದಿಂದ ಏಳುತ್ತದೆ. ಯಾರೋ ಎತ್ತರದಲ್ಲಿ ಎತ್ತಿಬಿಡುತ್ತಾರೆ, ಮೂರನೇ ಸಾಲಿನಲ್ಲಿ ಎಲ್ಲರೂ ಕಿರುಚುತ್ತಾರೆ. ಪ್ರತಿ ಮನೆಯಲ್ಲೂ ಇದೇ ಕತೆ.

ಯಾರೋ ಎತ್ತಿದ ಶ್ರುತಿ ಅಂದಾಗ ನೆನಪಾಯಿತು. ಕ್ಯಾರಲ್ ಆದ ಮರುವರ್ಷ ಅದೇ ಅಣ್ಣನ ತಂಗಿಯ ಮದುವೆ. ಹಿಂದಿನ ದಿನ ರೋಸ್. ಮದುಮಗಳಿಗೆ ತೆಂಗಿನ ಹಾಲು ಹಚ್ಚುವಾಗ ಹೆಂಗಸರು ವೊವಿಯೊ ಅನ್ನುವ ಮದುವೆ ಹಾಡು ಹಾಡುತ್ತಾರೆ. ಅದಕ್ಕೆ ಗಿಟಾರ್ ಬೇಕಾಗಿಯೇ ಇಲ್ಲ. ಆದರೆ ಗಿಟಾರ್ ಇರುವವ ಸುಮ್ನೆ ಕೂತರೆ ಹೇಗೆ ಅಂತ ಯಾರೋ ನನ್ನನ್ನು ಮುಂದೆ ತಳ್ಳಿದರು. ಮನೆಯ ಹಿರಿಯ ಹೆಂಗಸು ತಮ್ಮ ಗಂಟಲಿಗೆ ಒಗ್ಗುವ ಶ್ರುತಿಯಲ್ಲಿ ಎತ್ತಿದರು. ನನಗೆ ಬರುತ್ತಿದ್ದದ್ದು ಜಿ. ಅವರದ್ದು ಜಿ ಅಲ್ಲ. ನಾನು ಜೋರಾಗಿ ಜಿ ಬಾರಿಸಿದೆ. ಬಟ್ಟಲಿನ ತೆಂಗಿನ ಹಾಲು ಅಲ್ಲೇ ಹುಳಿಯಾಗುವಂಥ ಸದ್ದು ಬಂತು. ಅಜ್ಜಿ ಹಾಡು ನಿಲ್ಲಿಸಲಿಲ್ಲ, ನನ್ನ ಕಡೆ ಒಮ್ಮೆ ನೋಡಿದರು ಅಷ್ಟೇ.

ಅಣ್ಣ ಬಂದು ಗಿಟಾರ್ ಕಿತ್ತುಕೊಂಡರು. ಮುಯ್ಯಿ ಬರೆಯುವವರ ಕೈಯಿಂದ ಪೆನ್ಸಿಲ್ ತೆಗೆದುಕೊಂಡರು, ಯಾರದೋ ಜಡೆಯಿಂದ ರಬ್ಬರ್ ಬ್ಯಾಂಡ್. ಗಿಟಾರಿನ ಕತ್ತಿನ ಮೇಲೆ ಲೋಹದ ಗೆರೆಗಳಿಂದ ಆದ ಮನೆಗಳಿರುತ್ತವಲ್ಲ, ಅವು ಫ್ರೆಟ್; ಪೆನ್ಸಿಲನ್ನು ಮೂರನೇ ಫ್ರೆಟ್ ಮೇಲೆ ಅಡ್ಡ ಇಟ್ಟು ಬಿಗಿಯಾಗಿ ಕಟ್ಟಿದರು. "ಈಗ ಅದೇ ಜಿ ಹಿಡಿ" ಅಂದರು. ಹಿಡಿದೆ. ಅಜ್ಜಿಯ ಶ್ರುತಿಗೆ ಕೂತಿತು. ಕೈ ಹಿಡಿದದ್ದು ಜಿ, ಕಿವಿಗೆ ಕೇಳಿದ್ದು ಬಿ ಫ್ಲ್ಯಾಟ್. ಅಂಗಡಿಯಲ್ಲಿ ಕೇಪೋ ಅಂತ ಮಾರುವುದು ಇದನ್ನೇ, ಸ್ಪ್ರಿಂಗ್ ಹಾಕಿ.

ಮನೆಗೆ ಹೋಗಿ ಆ ಪೆನ್ಸಿಲ್ ಬಗ್ಗೆ ತುಂಬ ಯೋಚಿಸಿದೆ. ನನ್ನನ್ನು ಓಡಿಸಿದ ಎಫ್ ಏನು ಅಂತ ಗೊತ್ತಾದದ್ದು ಆ ರಾತ್ರಿ. ಇ ಕಾರ್ಡ್ ಹಿಡಿಯಿರಿ. ಆದರೆ ನಡುಬೆರಳು, ಉಂಗುರ ಬೆರಳು, ಕಿರುಬೆರಳಿನಲ್ಲಿ ಹಿಡಿಯಿರಿ. ತೋರುಬೆರಳು ಖಾಲಿ. ಈಗ ಇಡೀ ಕೈಯನ್ನು ಒಂದು ಫ್ರೆಟ್ ಮುಂದೆ ಜಾರಿಸಿ. ಹಿಂದೆ ಬಿಟ್ಟುಹೋದ ಜಾಗದಲ್ಲಿ, ಅಂದರೆ ಒಂದನೇ ಫ್ರೆಟ್‌ನಲ್ಲಿ, ತೋರುಬೆರಳನ್ನು ಅಡ್ಡ ಮಲಗಿಸಿ. ಬೆರಳೇ ಪೆನ್ಸಿಲ್. ಎಫ್ ಅಂದರೆ ಇಷ್ಟೇ, ಪೆನ್ಸಿಲ್ ಇಟ್ಟ ಇ. ಅದೇ ಶೇಪ್ ಮೂರನೇ ಫ್ರೆಟ್‌ಗೆ ಹೋದರೆ ಜಿ, ಐದಕ್ಕೆ ಹೋದರೆ ಎ. ಹಾಳೆಯಲ್ಲಿ ಬೇರೆ ಬೇರೆ ಅಂತ ತೋರುತ್ತಿದ್ದ ಎಷ್ಟೋ ಚೌಕ ಒಂದೇ ಚೌಕ. ಇದನ್ನು ಮೊದಲೇ ಹೇಳಿದ್ದರೆ ಒಂದು ಮಳೆಗಾಲ ಉಳಿಯುತ್ತಿತ್ತು.

ಹೀಗೆ ಬೆರಳು ಅಡ್ಡ ಮಲಗಿಸಿ ಹಿಡಿಯುವ ಬಾರ್ ಕಾರ್ಡ್ ಕಲಿಯುವವರಿಗೆ ಒಂದು ಮಾತು. ಎಫ್‌ನಿಂದ ಶುರುಮಾಡಬೇಡಿ. ಒಂದನೇ ಫ್ರೆಟ್ ನಟ್‌ನ, ಅಂದರೆ ಕತ್ತಿನ ತುದಿಯಲ್ಲಿ ತಂತಿ ಕೂರುವ ಪಟ್ಟಿಯ, ಪಕ್ಕದಲ್ಲೇ ಉಂಟು, ಅಲ್ಲಿ ತಂತಿ ಬಗ್ಗುವುದಿಲ್ಲ, ಬೆರಳಿಗೆ ಜಾಸ್ತಿ ಬಲ ಬೇಕು. ಐದನೇ ಫ್ರೆಟ್‌ನಲ್ಲಿ ಹಿಡಿದು ನೋಡಿ, ಸಲೀಸು. ಅಲ್ಲಿ ಸದ್ದು ಸ್ವಚ್ಛವಾದ ಮೇಲೆ ದಿನಕ್ಕೊಂದು ಫ್ರೆಟ್ ಹಿಂದೆ ಬನ್ನಿ. ಅಷ್ಟರವರೆಗೆ ಹಾಡಿನಲ್ಲಿ ಎಫ್ ಬಂದರೆ ಕೆಳಗಿನ ನಾಲ್ಕು ತಂತಿ ಮಾತ್ರ ಹಿಡಿಯಿರಿ. ಅಥವಾ ಚಪ್ಪಾಳೆ ಹೊಡೆಯಿರಿ.

ಈಗ ಸ್ಕೇಲ್, ಅಂದರೆ ಸ್ವರಗಳನ್ನು ಒಂದೊಂದಾಗಿ ಏರಿಸುವ ಸಾಲು. ಕಾರ್ಡ್ ಬೇರೆ ಪುಸ್ತಕ, ಸ್ಕೇಲ್ ಬೇರೆ ಪುಸ್ತಕ ಅಂತ ಕಲಿಸುವವರ ಮೇಲೆ ನನಗೆ ಸ್ವಲ್ಪ ಸಿಟ್ಟು. ಬೇಡ, ಗಿಟಾರಲ್ಲೇ ತೋರಿಸುತ್ತೇನೆ.

ನಿಮ್ಮಲ್ಲಿ ಕರ್ನಾಟಕ ಸಂಗೀತ ಕಲಿತವರು ಎಷ್ಟು ಜನ? ಓ, ತುಂಬ ಜನ. ಹಾಗಾದರೆ 'ವರವೀಣಾ' ಗೀತೆ ಎಲ್ಲರಿಗೂ ಬರುತ್ತದೆ. ಮೋಹನ ರಾಗ. ಸ ರಿ ಗ ಪ ದ. ಈಗ ನಾನು ಹಿಡಿದದ್ದು ಸಿ ಕಾರ್ಡ್. ತಂತಿ ಎಣಿಸುವುದು ಕೆಳಗಿನ ತೆಳು ತಂತಿಯಿಂದ. ಉಂಗುರ ಬೆರಳು ಐದನೇ ತಂತಿಯ ಮೂರನೇ ಫ್ರೆಟ್‌ನಲ್ಲಿ, ಅದು ಸ. ನಡುಬೆರಳು ನಾಲ್ಕನೇ ತಂತಿಯ ಎರಡನೇ ಫ್ರೆಟ್, ಅದು ಗ. ಮೂರನೇ ತಂತಿ ಖಾಲಿ, ಅದು ಪ. ತೋರುಬೆರಳು ಎರಡನೇ ತಂತಿಯ ಒಂದನೇ ಫ್ರೆಟ್, ಮೇಲಿನ ಸ. ಅಂದರೆ ಸಿ ಕಾರ್ಡ್ ಅಂದರೆ ಸ, ಗ, ಪ ಒಟ್ಟಿಗೆ ನುಡಿಯುವುದು, ಬೇರೆ ಏನಲ್ಲ.

ಈಗ ಹಾಡಿ, ನನ್ನ ಜೊತೆ. ಗ ಗ ಪಾ ಪಾ. ಬೆರಳು ಒಂದೂ ಅಲ್ಲಾಡಲಿಲ್ಲ, ನೋಡಿದಿರಾ? ತಂತಿ ಮಾತ್ರ ಬದಲಾಯಿತು. ಮುಂದೆ ದ ಪ ಸಾ ಸಾ. ದ ಕ್ಕೆ ಮಾತ್ರ ನಡುಬೆರಳು ಒಂದು ತಂತಿ ಕೆಳಗೆ, ಮೂರನೇ ತಂತಿಯ ಎರಡನೇ ಫ್ರೆಟ್‌ಗೆ ಬಂತು. ಎತ್ತಿದರೆ ಪ. ಆಮೇಲೆ ತೋರುಬೆರಳಿನ ಕೆಳಗೆ ಮೊದಲಿಂದಲೂ ಕಾದು ಕೂತಿದ್ದ ಸ. ಉಳಿದದ್ದು ರಿ. ಅದೇ ನಡುಬೆರಳನ್ನು ಎತ್ತಿ ನಾಲ್ಕನೇ ತಂತಿಯನ್ನು ಖಾಲಿ ನುಡಿಸಿದರೆ ರಿ. ಮೋಹನದ ಐದೂ ಸ್ವರ ಸಿ ಕಾರ್ಡಿನ ಅಂಗಳದೊಳಗೇ ಉಂಟು. ಒಂದೇ ಬೆರಳು ಓಡಾಡುತ್ತದೆ, ಉಳಿದ ಎರಡು ಮನೆಯಲ್ಲಿ ಕೂತಿರುತ್ತವೆ.

ಹೀಗೆ ಕಲಿತ ಮಗುವಿಗೆ ಸ್ಕೇಲ್ ಬೇರೆ, ಕಾರ್ಡ್ ಬೇರೆ ಅಂತ ಅನಿಸುವುದೇ ಇಲ್ಲ.

ಇದೇ ಐದು ಸ್ವರಕ್ಕೆ ಗಿಟಾರಿನವರು ಮೇಜರ್ ಪೆಂಟಟೋನಿಕ್ ಅನ್ನುತ್ತಾರೆ. ಸಿ, ಡಿ, ಇ, ಜಿ, ಎ. ಇವನ್ನೇ ಇಟ್ಟುಕೊಂಡು, ಎ ಯನ್ನು ಸ ಅಂತ ಹಿಡಿದರೆ ಎ ಮೈನರ್ ಪೆಂಟಟೋನಿಕ್. ರಾಕ್ ನುಡಿಸುವ ಹುಡುಗರೆಲ್ಲ ಮೊದಲು ಕಲಿಯುವ ಐದನೇ ಫ್ರೆಟ್‌ನ ಆ ಪೆಟ್ಟಿಗೆ, ಅಂದರೆ ಬೆರಳಿಡುವ ಜಾಗಗಳ ನಕ್ಷೆ, ಇದೇ. ದಪ್ಪ ತಂತಿಯಲ್ಲಿ 5, 8ನೇ ಫ್ರೆಟ್. ಆಮೇಲೆ ಮೂರು ತಂತಿಯಲ್ಲಿ 5, 7. ಕೊನೆಯ ಎರಡರಲ್ಲಿ ಮತ್ತೆ 5, 8. ನಾನು ಅದನ್ನು ಕಲಿತ ಹೊಸದರಲ್ಲಿ ಜಗಲಿಯಲ್ಲಿ ಕೂತು ದೊಡ್ಡ ರಾಕ್ ಸ್ಟಾರ್ ಥರ ತಂತಿ ಎಳೆಯುತ್ತಿದ್ದೆ. ಉಡುಪಿಯಿಂದ ಬಂದಿದ್ದ ದೊಡ್ಡಮ್ಮ ಒಳಗೆ ಹೂ ಕಟ್ಟುತ್ತಾ, "ಶುದ್ಧ ಧನ್ಯಾಸಿ ಯಾವಾಗ ಕಲಿತೆಯಾ?" ಅಂದರು. ನನಗೆ ಆ ಹೆಸರೇ ಗೊತ್ತಿರಲಿಲ್ಲ. ಅವರು ವೀಣೆ ಕಲಿತವರು. ಹೂ ಬದಿಗಿಟ್ಟು ಗ್ರಹಭೇದ ಅಂದರೆ ಏನು ಅಂತ ಹೇಳಿಕೊಟ್ಟರು. ಮೋಹನದ ರಿ ಯನ್ನು ಸ ಮಾಡಿಕೊಂಡರೆ ಮಧ್ಯಮಾವತಿ. ಗ ವನ್ನು ಮಾಡಿಕೊಂಡರೆ ಹಿಂದೋಳ. ಪ ದಿಂದ ಶುದ್ಧ ಸಾವೇರಿ. ದ ದಿಂದ ಶುದ್ಧ ಧನ್ಯಾಸಿ. ಗಿಟಾರ್ ಪುಸ್ತಕದಲ್ಲಿ ಪೆಂಟಟೋನಿಕ್‌ನ ಐದು ಪೆಟ್ಟಿಗೆ ಅಂತ ಚಿತ್ರ ಬಿಡಿಸಿರುತ್ತಾರಲ್ಲ, ಒಂದೊಂದು ಪೆಟ್ಟಿಗೆಯ ಬಾಗಿಲಲ್ಲೂ ಒಂದೊಂದು ರಾಗ ನಿಂತಿತ್ತು.

ರಾಗ ಅಂದರೆ ಬರೀ ಐದು ಸ್ವರ ಅಲ್ಲ ಅಂತ ಮುಂದಿನ ಸಾಲಿನವರು ತಲೆ ಆಡಿಸುತ್ತಿದ್ದೀರಿ. ಒಪ್ಪಿದೆ. ದೊಡ್ಡಮ್ಮನೂ ಅದನ್ನೇ ಹೇಳಿದರು, ಸ್ವಲ್ಪ ಗಟ್ಟಿಯಾಗಿ. ಗಮಕ ಇಲ್ಲದ ಹಿಂದೋಳ ಉಪ್ಪಿಲ್ಲದ ಗಂಜಿ. ಗಿಟಾರಿನಲ್ಲಿ ತಂತಿ ಎಳೆದು, ಜಾರಿಸಿ ಸ್ವಲ್ಪ ಮಟ್ಟಿಗೆ ತರಬಹುದು, ಪೂರ್ತಿ ಅಲ್ಲ. ನಾನು ಹೇಳುವುದು ಇಷ್ಟು. ಪೆಟ್ಟಿಗೆಯನ್ನು ಕೆಳಗಿಂದ ಮೇಲೆ, ಮೇಲಿಂದ ಕೆಳಗೆ ಜಾರುಬಂಡಿ ಆಡುವುದರ ಬದಲು, ನಿಮಗೆ ಬಾಯಿಗೆ ಬರುವ ಒಂದು ಹಾಡನ್ನು ಅದರೊಳಗೆ ಹುಡುಕಿ. ಒಂದು ವಾರ ಹುಡುಕಿ. ತಪ್ಪು ಸ್ವರ ಬಂದಾಗ ಕಿವಿಯೇ ಬೈಯುತ್ತದೆ. ಜಾರುಬಂಡಿಯಲ್ಲಿ ಬೈಯುವವರು ಯಾರೂ ಇಲ್ಲ.

ಎರಡನೇ ತಂತಿಗೆ ಬಂದಾಗ ಪೆಟ್ಟಿಗೆ ಯಾಕೆ ಸೊಟ್ಟಗಾಗುತ್ತದೆ ಅಂತ ಪ್ರತಿ ವರ್ಷ ಒಬ್ಬರಾದರೂ ಕೇಳುತ್ತಾರೆ. ಗಿಟಾರಿನ ತಂತಿಗಳ ನಡುವೆ ಐದೈದು ಫ್ರೆಟ್ ಅಂತರ. ಮೂರನೇ ಮತ್ತು ಎರಡನೇ ತಂತಿಯ ನಡುವೆ ಮಾತ್ರ ನಾಲ್ಕು. ಐದು, ಐದು, ಐದು, ನಾಲ್ಕು, ಐದು. ಕೂಡಿಸಿದರೆ 24, ಸರಿಯಾಗಿ ಎರಡು ಸ್ಥಾಯಿ. ಹಾಗಾಗಿ ಎರಡೂ ತುದಿಯ ತಂತಿ ಇ. ಎಲ್ಲ ಕಡೆ ಐದೇ ಇಟ್ಟಿದ್ದರೆ ಒಂದು ತುದಿ ಇ, ಇನ್ನೊಂದು ತುದಿ ಎಫ್ ಆಗುತ್ತಿತ್ತು. ಸ್ಕೇಲ್ ನುಡಿಸುವವರಿಗೆ ಆರಾಮ, ಕಾರ್ಡ್ ಹಿಡಿಯುವವರ ಬೆರಳು ಮುರಿಯುತ್ತಿತ್ತು.

ಸಮಯ ನೋಡಿದೆ, ಚಹಾ ಬಂದಿದೆ ಅಂತ ಬಾಗಿಲಲ್ಲಿ ಸನ್ನೆ ಮಾಡುತ್ತಿದ್ದಾರೆ. ಚಹಾ ಕುಡಿದು ಗಿಟಾರ್ ತಂದವರು ಮುಂದೆ ಬನ್ನಿ, ವರವೀಣಾ ಒಟ್ಟಿಗೆ ನುಡಿಸೋಣ. ತಂತಿ ಬದಲಿಸಿ ಎಷ್ಟು ಮಳೆಗಾಲ ಆಯಿತು ಅಂತ ನಾನು ಕೇಳುವುದಿಲ್ಲ. ತುಕ್ಕು ಹಿಡಿದಿದ್ದರೆ ಇಲ್ಲಿ ಮೇಜಿನ ಮೇಲೆ ಒಣಬಟ್ಟೆ ಉಂಟು, ಒರೆಸಿಕೊಳ್ಳಿ. ಈ ಸೆಕೆ, ಈ ತೇವಕ್ಕೆ ಎಲ್ಲರದ್ದೂ ಶ್ರುತಿ ಇಳಿದೋ ಏರಿಯೋ ಇರುತ್ತದೆ. ಮೊದಲು ಐದನೇ ತಂತಿ, ಎ, 110 ಹರ್ಟ್ಜ್. ನಾನು ಮೀಟುತ್ತಿರುತ್ತೇನೆ, ನೀವು ಬಿರಡೆ ತಿರುಗಿಸುತ್ತಾ ಬನ್ನಿ.