ಹತ್ತಿ ಹೂವಿನ ಹೊಲದಲ್ಲಿ ಸಾಲೆಯ ಮಕ್ಕಳು

ಕೇಳುಗರೆ, ನಮಸ್ಕಾರ.

ರಾಯಚೂರು, ಕೊಪ್ಪಳ ಜಿಲ್ಲೆಗಳ ಹಳ್ಳಿಗಳಲ್ಲಿ ಹತ್ತಿ ಬೀಜೋತ್ಪಾದನೆಯ ಹಂಗಾಮು ಬಂತೆಂದರೆ, ಬೆಳಕು ಹರಿಯುವ ಮೊದಲೇ ಟಂಟಂ ಗಾಡಿಗಳು ಊರಬಾಗಿಲಿಗೆ ಬಂದು ನಿಲ್ಲುತ್ತವೆ. ಅವುಗಳಲ್ಲಿ ತುಂಬಿಕೊಂಡು ಹೋಗುವವರಲ್ಲಿ, ಆ ಹೊತ್ತಿಗೆ ಸಾಲೆಯ ಪ್ರಾರ್ಥನೆಗೆ ಅಣಿಯಾಗಬೇಕಾದ ಮಕ್ಕಳೂ ಇರುತ್ತಾರೆ.

ಅವರು ಮಾಡುವ ಕೆಲಸಕ್ಕೆ ಎಲ್ಲರೂ 'ಕ್ರಾಸಿಂಗ್' ಎನ್ನುತ್ತಾರೆ, ಎಂದರೆ ಮಿಶ್ರತಳಿಯ ಬೀಜಕ್ಕಾಗಿ ಒಂದು ತಳಿಯ ಹೂವಿಗೆ ಇನ್ನೊಂದರ ಪರಾಗವನ್ನು ಕೈಯಿಂದ ಹಚ್ಚುವುದು. ಮರುದಿನ ಅರಳಲಿರುವ ಮೊಗ್ಗನ್ನು ಮಧ್ಯಾಹ್ನದ ಮೇಲೆ ಹುಡುಕಿ, ಹೆಬ್ಬೆರಳಿನ ಉಗುರಿನಿಂದ ಎಸಳನ್ನೂ ಕೇಸರವನ್ನೂ ಒಟ್ಟಿಗೆ ಸುಲಿದು, ಒಳಗಿನ ಶಲಾಕೆಗೆ, ಅಂದರೆ ಹೂವಿನ ಹೆಣ್ಣು ಭಾಗಕ್ಕೆ, ಪೆಟ್ಟಾಗದಂತೆ ಉಳಿಸಬೇಕು. ಮರುದಿನ ಬೆಳಿಗ್ಗೆ ಗಂಡು ತಳಿಯ ಹೂವನ್ನು ತಂದು ಅದರ ತುದಿಗೆ ಸವರಬೇಕು. ಹೀಗೆ ಒಂದೊಂದೇ ಹೂವು, ವಾರಗಟ್ಟಲೆ. ಕೀಟನಾಶಕ ಹೊಡೆದ ಗಿಡಗಳ ನಡುವೆ, ಗಿಡದಷ್ಟೇ ಎತ್ತರದ ಮಗು. ಎಳೆಯ ಬೆರಳುಗಳಿಗೇ ಈ ಕೆಲಸ ಒಗ್ಗುತ್ತದೆ ಎಂದು ಕೆಲವರು ವಾದಿಸುತ್ತಾರೆ. ನನ್ನ ಮಟ್ಟಿಗೆ ಅದು ನೆಪ. ಎಳೆಯ ಬೆರಳಿಗೆ ಕಡಿಮೆ ಕೂಲಿ ಸಾಕು, ಅದು ಎದುರು ಮಾತಾಡುವುದೂ ಇಲ್ಲ.

ಅಂಥ ಹೊಲವೊಂದರಲ್ಲಿ ಆರನೆಯ ತರಗತಿಯ ಹುಡುಗಿಯೊಬ್ಬಳನ್ನು ಕಂಡೆ. ಸಾಲೆ ಬಿಟ್ಟೆಯಾ ಎಂದು ಕೇಳಿದ್ದಕ್ಕೆ, ಹಳದಿ ಪುಡಿ ಮೆತ್ತಿದ ಕೈಯನ್ನು ಲಂಗಕ್ಕೆ ಒರೆಸಿಕೊಳ್ಳುತ್ತ, "ಬಿಟ್ಟಿಲ್ಲರೀ, ಅಪ್ಪ ಮುಂಗಡ ತಗೊಂಡಾನ, ಅದು ಮುರಿದ ಮ್ಯಾಲೆ ಹೋಗ್ತೀನಿ" ಎಂದಳು. ಹಾಜರಿ ಪುಸ್ತಕದಲ್ಲಿ ಅವಳ ಹೆಸರು ಇದ್ದೇ ಇದೆ.

ಬಿಡುಗಡೆಯ ಮಾತು ತೊಡಕಾಗುವುದು ಈ ಮುಂಗಡದಲ್ಲಿಯೇ. ಅಕ್ಕನ ಮದುವೆಗೋ ಬತ್ತಿದ ಬೋರ್‌ವೆಲ್‌ಗೋ ತಂದೆ ಪಡೆದ ಹಣವನ್ನು ಮಗು ದುಡಿದು ತೀರಿಸುವುದಾದರೆ, ಅದನ್ನು ಕೂಲಿ ಎನ್ನಲಾಗದು, ಜೀತವೆಂದೇ ಕರೆಯಬೇಕು. 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯ ಪ್ರಕಾರ ಅಂಥ ಸಾಲವೇ ಅಳಿದುಹೋಗುತ್ತದೆ, ಅದನ್ನು ತೀರಿಸಬೇಕಾಗಿಲ್ಲ. ನಮ್ಮ ಹಳ್ಳಿಗಳಲ್ಲಿ ಎಷ್ಟು ತಂದೆತಾಯಿಯರಿಗೆ ಈ ಸಂಗತಿಯನ್ನು ಯಾರಾದರೂ ಓದಿ ಹೇಳಿದ್ದಾರೆ? ಹದಿನಾಲ್ಕು ತುಂಬದ ಮಕ್ಕಳನ್ನು ಯಾವ ಕೆಲಸಕ್ಕೂ ಹಚ್ಚಬಾರದೆಂದು ಬಾಲಕಾರ್ಮಿಕ ಕಾಯ್ದೆಯ 2016ರ ತಿದ್ದುಪಡಿ ಹೇಳಿತು; ತಪ್ಪಿದವರಿಗೆ ಆರು ತಿಂಗಳಿಂದ ಎರಡು ವರ್ಷದವರೆಗೆ ಸೆರೆವಾಸ, ಇಲ್ಲವೆ 20,000ದಿಂದ 50,000 ರೂಪಾಯಿ ದಂಡ, ಅಥವಾ ಎರಡೂ. ಆದರೆ ಸಾಲೆಯ ವೇಳೆಯ ಹೊರಗೆ ಮನೆಯವರಿಗೆ ನೆರವಾಗಬಹುದೆಂಬ ವಿನಾಯಿತಿಯನ್ನೂ ಅದೇ ತಿದ್ದುಪಡಿ ಇಟ್ಟಿತು. ತಪಾಸಣೆಗೆ ಬಂದವರ ಎದುರು ಹೊಲದ ಮಕ್ಕಳೆಲ್ಲ "ನಮ್ಮ ಮನೆಯ ಹುಡುಗರು" ಆಗಿಬಿಡುವುದು ಈ ಕಿಂಡಿಯಿಂದ.

ಅಂಥ ಮಕ್ಕಳನ್ನು ಕಂಡವರು ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬಹುದು, ಕರೆಗೆ ಹಣ ಬೇಕಿಲ್ಲ. ಜೀತದ ದೂರನ್ನು ಉಪವಿಭಾಗಾಧಿಕಾರಿಗಳಿಗೆ ಕೊಡಬಹುದು. ವಿಚಾರಣೆಯಲ್ಲಿ ಅದು ನಿಜವೆಂದು ಕಂಡರೆ ಬಿಡುಗಡೆ ಪತ್ರ ಸಿಗುತ್ತದೆ.

ನಾನು ಹೊರಡುವಾಗ ಆ ಹುಡುಗಿ, ತಾನಿಲ್ಲದಾಗ ಆದ ಪಾಠಗಳೂ ಪರೀಕ್ಷೆಗೆ ಬರುತ್ತವೆಯೇ ಎಂದು ಕೇಳಿದಳು. ಬರುತ್ತವೆ ಎಂದೆ. ಹಾಗಾದರೆ ಗೆಳತಿಯ ನೋಟ್‌ಬುಕ್ಕನ್ನು ಈ ರವಿವಾರವೇ ತರಿಸಿಕೊಳ್ಳಬೇಕು ಎಂದು ತನ್ನಷ್ಟಕ್ಕೆ ಹೇಳಿಕೊಂಡು, ಮುಂದಿನ ಮೊಗ್ಗಿಗೆ ಕೈ ಹಾಕಿದಳು.

ನಮಸ್ಕಾರ.