ಕಸುಬು ಬದಲಿಸುತ್ತ ಬದುಕಿದ ಬೀದಿ

ನಮಸ್ಕಾರ. ಇಂದಿನ ಮಾತು ಅಮೆರಿಕದ ಶಿಕಾಗೊ ನಗರದ ನಟ್ಟನಡುವೆ ಹಾದುಹೋಗುವ ಸ್ಟೇಟ್ ಸ್ಟ್ರೀಟ್ ಕುರಿತದ್ದು. ಆ ನಗರದ ವಿಳಾಸಗಳ ಎಣಿಕೆ ಶುರುವಾಗುವುದೇ ಇಲ್ಲಿಂದ. 1909ರಲ್ಲಿ ಜಾರಿಗೆ ಬಂದ ಪದ್ಧತಿಯಂತೆ ಸ್ಟೇಟ್ ಮತ್ತು ಮ್ಯಾಡಿಸನ್ ಬೀದಿಗಳು ಕೂಡುವ ಮೂಲೆಯೇ ಸೊನ್ನೆ. ಈ ಬೀದಿಯ ಚರಿತ್ರೆಯನ್ನು ಹೇಳುವವರು ಸಾಮಾನ್ಯವಾಗಿ ದೊಡ್ಡ ದೊಡ್ಡ ಮಳಿಗೆಗಳ ವೈಭವದಿಂದ ತೊಡಗಿ, ಅವು ಒಂದೊಂದಾಗಿ ಬಾಗಿಲು ಮುಚ್ಚಿದ ದುಃಖದಲ್ಲಿ ಮುಗಿಸುತ್ತಾರೆ. ನನ್ನ ತಕರಾರು ಇರುವುದು ಅಲ್ಲಿಯೇ. ಅಂಗಡಿಯ ಕಥೆ ಬೇರೆ, ಕಟ್ಟಡದ ಕಥೆ ಬೇರೆ. ಅಂಗಡಿ ಹೋದ ಮೇಲೂ ಕಟ್ಟಡಕ್ಕೆ ಹೊಸ ಕಸುಬು ಸಿಕ್ಕಿದ್ದರಿಂದಲೇ ಈ ಬೀದಿ ಬದುಕಿದೆ.

1860ರ ದಶಕದ ನಡುವಿನವರೆಗೂ ಶಿಕಾಗೊದ ಪ್ರತಿಷ್ಠಿತ ವ್ಯಾಪಾರವೆಲ್ಲ ನದಿಗೆ ಹತ್ತಿರವಿದ್ದ ಲೇಕ್ ಸ್ಟ್ರೀಟಿನಲ್ಲಿತ್ತು. ಜವಳಿ ವ್ಯಾಪಾರದಲ್ಲಿ ಹಣ ಮಾಡಿದ್ದ ಪಾಟರ್ ಪಾಮರ್, ಆಗ ಇಕ್ಕಟ್ಟಾಗಿದ್ದ ಸ್ಟೇಟ್ ಸ್ಟ್ರೀಟಿನಲ್ಲಿ ಸುಮಾರು ಮುಕ್ಕಾಲು ಮೈಲಿ ಉದ್ದಕ್ಕೆ ಜಾಗ ಕೊಂಡು, ಬೀದಿಯನ್ನು ಅಗಲಗೊಳಿಸುವಂತೆ ನಗರಾಡಳಿತವನ್ನು ಒಪ್ಪಿಸಿ, 1868ರಲ್ಲಿ ತನ್ನ ಅಮೃತಶಿಲೆಯ ಮುಖದ ಕಟ್ಟಡವನ್ನು ಮಾರ್ಷಲ್ ಫೀಲ್ಡ್ ಮತ್ತು ಲೀವೈ ಲೈಟರ್ ಅವರ ಮಳಿಗೆಗೆ ಬಾಡಿಗೆಗೆ ಕೊಟ್ಟ. ಗಿರಾಕಿಗಳು ಅತ್ತ ತಿರುಗಿದರು. 1871ರ ಅಕ್ಟೋಬರಿನ ಮಹಾ ಅಗ್ನಿ ಎಲ್ಲವನ್ನೂ ಬೂದಿ ಮಾಡಿತು. ಪಾಮರ್ ಕಟ್ಟಿಸಿದ್ದ ಹೋಟೆಲು ತೆರೆದು ಎರಡು ವಾರವೂ ಆಗಿರಲಿಲ್ಲ. ಆತ ಸಾಲ ಮಾಡಿ ಮತ್ತೆ ಕಟ್ಟಿಸಿದ. ಅಂದರೆ ಈ ಬೀದಿಯ ‘ಮೊದಲಿನ ರೂಪ’ ಎಂದು ನಾವು ಹಂಬಲಿಸುವುದಕ್ಕೆ ಅಂಥದ್ದೊಂದು ಇರಲೇ ಇಲ್ಲ.

ನನಗೆ ಬಲು ಇಷ್ಟವಾದ ಪ್ರಸಂಗ ರಿಲಯನ್ಸ್ ಬಿಲ್ಡಿಂಗ್‌ನದು. (ನಮಗೆ ಪರಿಚಿತವಾದ ಕಂಪನಿಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ.) ಸ್ಟೇಟ್ ಮತ್ತು ವಾಷಿಂಗ್ಟನ್ ಬೀದಿಗಳ ಮೂಲೆಯಲ್ಲಿದ್ದ ಹಳೆಯ ಕಟ್ಟಡವನ್ನು ಕೆಡವಿ ಎತ್ತರದ ಹೊಸದೊಂದನ್ನು ಕಟ್ಟಬೇಕೆಂದು, ಲಿಫ್ಟ್ ಉದ್ಯಮದಲ್ಲಿ ಹಣ ಮಾಡಿದ್ದ ವಿಲಿಯಂ ಹೇಲ್ ನಿರ್ಧರಿಸಿದರು. ಆದರೆ ಮೇಲಿನ ಮಹಡಿಗಳ ಬಾಡಿಗೆದಾರರ ಕರಾರು 1894ರವರೆಗೂ ಇತ್ತು, ಅವರು ಏಳಲು ಒಪ್ಪಲಿಲ್ಲ. ಆಗ ಮೇಲಿನ ಮಹಡಿಗಳನ್ನು ಜನರ ಸಮೇತ ಸ್ಕ್ರೂ ಜ್ಯಾಕುಗಳ ಮೇಲೆ ಎತ್ತಿ ನಿಲ್ಲಿಸಿ, ಅಡಿಯಲ್ಲಿದ್ದುದನ್ನು ಬಿಚ್ಚಿ, ಹೊಸ ಅಡಿಪಾಯವನ್ನೂ ನೆಲ ಅಂತಸ್ತನ್ನೂ ಕಟ್ಟಲಾಯಿತು. ಮೇಲೆ ಹಳೆಯ ಕಚೇರಿಗಳು, ಕೆಳಗೆ ಹೊಸ ಅಂಗಡಿ! ಕರಾರು ಮುಗಿದ ಮೇಲೆ ಹಳೆಯದನ್ನು ತೆಗೆದು, 1895ರ ಬೇಸಿಗೆಯಲ್ಲಿ ಮೇಲಿನ ಹತ್ತು ಅಂತಸ್ತುಗಳ ಉಕ್ಕಿನ ಚೌಕಟ್ಟನ್ನು ಸುಮಾರು ಎರಡು ವಾರಗಳಲ್ಲಿ ನಿಲ್ಲಿಸಿದರು. ಭಾರ ಹೊರುವ ಕೆಲಸವೆಲ್ಲ ಉಕ್ಕಿನದಾದ್ದರಿಂದ ಗೋಡೆಗೆ ಉಳಿದದ್ದು ಮಳೆ ಗಾಳಿಯನ್ನು ತಡೆಯುವ ಕೆಲಸ ಮಾತ್ರ. ಹಾಗಾಗಿ ವಾಸ್ತುಶಿಲ್ಪಿ ಚಾರ್ಲ್ಸ್ ಆಟ್‌ವುಡ್ ಅದರ ಮುಖವನ್ನು ಬಹುಪಾಲು ಗಾಜಿಗೇ ಬಿಟ್ಟು, ಉಳಿದ ಪಟ್ಟಿಗಳಿಗೆ ಬಿಳಿ ಹೊಳಪಿನ ಟೆರಾಕೋಟಾ, ಅಂದರೆ ಸುಟ್ಟ ಜೇಡಿಮಣ್ಣಿನ ಬಿಲ್ಲೆಗಳನ್ನು ಹೊದಿಸಿದರು. ವೈದ್ಯರೂ ದಂತವೈದ್ಯರೂ ಅಲ್ಲಿ ಕೊಠಡಿ ಹಿಡಿದರು. ಮುಂದೆ ಅದು ಪಾಳುಬಿದ್ದು, 1990ರ ದಶಕದಲ್ಲಿ ದುರಸ್ತಿಯಾಗಿ, 1999ರಲ್ಲಿ ಹೋಟೆಲಾಯಿತು.

ಅದೇ ಬೀದಿಯಲ್ಲಿ, ಆ ಸೊನ್ನೆಯ ಮೂಲೆಯಲ್ಲಿ, ಲೂಯಿ ಸಲಿವನ್ ವಿನ್ಯಾಸದ ಮಳಿಗೆಯಿದೆ. ಮೇಲಿನ ಅಂತಸ್ತುಗಳಲ್ಲಿ ಕಿಟಕಿಗಳ ಶಿಸ್ತಿನ ಸಾಲು. ಕೆಳಗಿನ ಎರಡು ಅಂತಸ್ತುಗಳಲ್ಲಿ ಮಾತ್ರ ಎರಕದ ಕಬ್ಬಿಣದ ಬಳ್ಳಿ, ಎಲೆ, ಸುರುಳಿಗಳು ಒಂದರೊಳಗೊಂದು ಹೆಣೆದುಕೊಂಡು, ಬೀದಿಯಲ್ಲಿ ನಡೆಯುವವರ ಕಣ್ಣಿನ ಎತ್ತರಕ್ಕೇ ಇಳಿದು ಬರುತ್ತವೆ. ಶ್ಲೆಸಿಂಜರ್ ಅಂಡ್ ಮೇಯರ್ ಎಂಬ ವ್ಯಾಪಾರ ಸಂಸ್ಥೆಗಾಗಿ ಕಟ್ಟಿದ ಇದು 1904ರಲ್ಲೇ ಕಾರ್ಸನ್ ಪಿರೀ ಸ್ಕಾಟ್ ಕೈ ಸೇರಿ, ಒಂದು ಶತಮಾನದ ಬಳಿಕ, 2007ರಲ್ಲಿ, ಆ ಮಳಿಗೆಯೂ ಮುಚ್ಚಿತು. 2012ರಲ್ಲಿ ಟಾರ್ಗೆಟ್ ಎಂಬ ಸರಣಿ ಮಳಿಗೆ ಬಂತು. ಬಾಗಿಲ ಮೇಲಿನ ಕಬ್ಬಿಣದ ಬಳ್ಳಿಗಳು ಇದ್ದಲ್ಲೇ ಇವೆ.

ಇನ್ನು ಬೀದಿಯನ್ನೇ ‘ಸರಿಪಡಿಸಲು’ ಹೊರಟ ಪ್ರಯೋಗ. ಉಪನಗರಗಳ ಮಾಲ್‌ಗಳಿಗೆ ಗಿರಾಕಿಗಳು ಸೋರಿಹೋಗುತ್ತಿದ್ದ ಕಾಲದಲ್ಲಿ, ಬೀದಿಗೂ ಮಾಲ್‌ನ ವೇಷ ಹಾಕಿದರೆ ಜನ ಮರಳಿಯಾರೆಂದು ನಂಬಿ, 1979ರಲ್ಲಿ ಕಾರುಗಳನ್ನು ನಿಷೇಧಿಸಿ, ಪಾದಚಾರಿ ಮಾರ್ಗವನ್ನು ವಿಪರೀತ ಅಗಲ ಮಾಡಿ, ಬಸ್ಸುಗಳನ್ನು ಮಾತ್ರ ಉಳಿಸಿಕೊಂಡರು. ನೂರು ಜನ ನಡೆದರೂ ಹತ್ತು ಜನರಂತೆ ಕಾಣುವಷ್ಟು ಬಯಲು, ಜತೆಗೆ ಬಸ್ಸಿನ ಹೊಗೆ. 1996ರಲ್ಲಿ ಅದನ್ನು ಕಿತ್ತು ಕಾರುಗಳನ್ನು ಮತ್ತೆ ಬಿಟ್ಟರು. ಕಾರು ಬಂದರೆ ಬೀದಿ ಉದ್ಧಾರವಾಗುತ್ತದೆ ಎಂಬ ವಾದ ನನ್ನದಲ್ಲ. ಕಾಯಿಲೆ ಇದ್ದದ್ದು ಖಾಲಿಯಾಗುತ್ತಿದ್ದ ಕಟ್ಟಡಗಳಲ್ಲಿ, ಮದ್ದು ಹಚ್ಚಿದ್ದು ಅವುಗಳ ಮುಂದಿನ ನೆಲಕ್ಕೆ.

ಈ ಮಾತನ್ನು ಈಗ ಎತ್ತಲು ಕಾರಣ, ಇದೇ ಬೀದಿಯಲ್ಲಿರುವ ಸೆಂಚುರಿ ಮತ್ತು ಕನ್ಸ್ಯೂಮರ್ಸ್ ಎಂಬ ಎರಡು ಎತ್ತರದ ಕಟ್ಟಡಗಳು. ಎರಡೂ 1910ರ ದಶಕದವು, ಟೆರಾಕೋಟಾ ಹೊದಿಕೆಯವು. ಅಮೆರಿಕದ ಕೇಂದ್ರ (ಫೆಡರಲ್) ಸರ್ಕಾರದ ಒಡೆತನಕ್ಕೆ ಬಂದ ಅವು ವರ್ಷಗಟ್ಟಲೆ ಖಾಲಿ ನಿಂತವು. ಹಿಂಬದಿಯಲ್ಲೇ ಫೆಡರಲ್ ನ್ಯಾಯಾಲಯವಿರುವುದರಿಂದ ಭದ್ರತೆಯ ಕಾರಣ ಕೊಟ್ಟು, 2022ರಲ್ಲಿ ಅವನ್ನು ಕೆಡವಲು 5.2 ಕೋಟಿ ಡಾಲರ್ ಹಣವನ್ನೂ ತೆಗೆದಿರಿಸಲಾಯಿತು. ನ್ಯಾಯಾಧೀಶರ ಆತಂಕವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಕಟ್ಟಡ ಸಂರಕ್ಷಕರು ಮುಂದಿಟ್ಟಿರುವ ಸಲಹೆಯೊಂದು ಆ ಆತಂಕಕ್ಕೆ ನೇರ ಉತ್ತರವನ್ನೇ ಕೊಡುತ್ತದೆ: ಹಳೆಯ ಕಡತ ಮತ್ತು ದಾಖಲೆಗಳನ್ನು ಕಾಯ್ದಿಡುವ ಸಂಗ್ರಹಾಗಾರಗಳಿಗೆ ಈ ಎರಡನ್ನೂ ಬಿಟ್ಟುಕೊಡುವುದು. ದಾಖಲೆಗಳಿಗೆ ಬೆಳಕು ಬೇಡ, ಕಿಟಕಿ ತೆರೆಯುವವರು ಬೇಡ, ಹಗಲಿರುಳು ಬಂದುಹೋಗುವ ಜನರೂ ಬೇಡ. ನ್ಯಾಯಾಲಯದ ಬೆನ್ನಿಗೆ ಇದಕ್ಕಿಂತ ಸದ್ದಿಲ್ಲದ ಬಾಡಿಗೆದಾರರು ಸಿಗಲಾರರು.